ತೋಟದ ಬೆವರು ಬೇರೆ, ಆಟದ ಬೆವರು ಬೇರೆ

ಬೆಳಗ್ಗೆ ಎಂಟರಿಂದ ಅಡಿಕೆ ತೋಟದಲ್ಲಿ ಗೊಬ್ಬರ ಹೊತ್ತವನಿಗೆ ಸಂಜೆ ವಾಲಿಬಾಲ್ ಯಾಕೆ ಬೇಕು? ಮೈ ದಣಿದಿದೆ, ಬೆವರು ಹರಿದಿದೆ, ವ್ಯಾಯಾಮ ಅಂದರೆ ಇದಕ್ಕಿಂತ ಬೇರೆ ಏನು? ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಹಿರಿಯರು ಹುಡುಗರಿಗೆ ಈ ಪ್ರಶ್ನೆ ಹಾಕುತ್ತಲೇ ಇರುತ್ತಾರೆ, ಸಾಮಾನ್ಯವಾಗಿ ಸ್ವಲ್ಪ ಸಿಟ್ಟಿನಲ್ಲಿ. ಸಿಟ್ಟು ಪಕ್ಕಕ್ಕಿಟ್ಟರೆ ಪ್ರಶ್ನೆ ಒಳ್ಳೆಯದೇ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಆಟಕ್ಕೂ ಮನಸ್ಸಿಗೂ ಇರುವ ನಂಟು ಅರ್ಧಕ್ಕರ್ಧ ಬಿಚ್ಚಿಕೊಳ್ಳುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2017ರ ಒಂದು ವಿಶ್ಲೇಷಣೆ ಇದನ್ನೇ ಕೇಳಿತ್ತು. ಬಿಡುವಿನ ಹೊತ್ತಿನಲ್ಲಿ ಇಷ್ಟಪಟ್ಟು ಮೈ ಆಡಿಸುವವರ ಮಾನಸಿಕ ಆರೋಗ್ಯ ಉಳಿದವರಿಗಿಂತ ಚೆನ್ನಾಗಿತ್ತು. ಹೊಟ್ಟೆಪಾಡಿನ ಕೆಲಸದಲ್ಲಿ ಮೈ ದಂಡಿಸುವವರಲ್ಲಿ ಆ ಲಾಭ ಕಾಣಲಿಲ್ಲ. ಸ್ನಾಯುಗಳ ಲೆಕ್ಕದಲ್ಲಿ ಎರಡೂ ದಣಿವೇ, ಮನಸ್ಸಿನ ಲೆಕ್ಕ ಮಾತ್ರ ಬೇರೆ.

ಯಾಕೆ ಅನ್ನುವುದನ್ನು ತೋಟದಲ್ಲೇ ನಿಂತು ನೋಡಬಹುದು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದ ಬೆನ್ನಿಗೇ ಮಳೆ ಹೊಡೆದರೆ ಬೋರ್ಡೋ ದ್ರಾವಣ ತೊಳೆದು ಹೋಗುತ್ತದೆ, ಅದರ ಜೊತೆ ದುಡ್ಡೂ ಹೋಗುತ್ತದೆ. ಅಲ್ಲಿ ತಪ್ಪಿಗೆ ಬೆಲೆ ಇದೆ, ಕೆಲಸಕ್ಕೆ ಕೊನೆ ಇಲ್ಲ, ಮಾಡುವುದೋ ಬಿಡುವುದೋ ಅನ್ನುವ ಆಯ್ಕೆಯೂ ಇಲ್ಲ. ವಾಲಿಬಾಲಿನಲ್ಲಿ ಸರ್ವಿಸ್ ನೆಟ್ಟಿಗೆ ಬಡಿದರೆ ಹೋಗುವುದು ಒಂದು ಪಾಯಿಂಟ್. ಹತ್ತು ಸೆಕೆಂಡಿನಲ್ಲಿ ಮುಂದಿನ ಚೆಂಡು ಬರುತ್ತದೆ. 25 ಪಾಯಿಂಟಿಗೆ ಸೆಟ್ ಮುಗಿಯುತ್ತದೆ, ಸೋತವರೂ ಗೆದ್ದವರೂ ಒಂದೇ ಬಿಂದಿಗೆಯ ನೀರು ಕುಡಿಯುತ್ತಾರೆ. ತಪ್ಪು ಮಾಡಿ, ಅದರಿಂದ ಏನೂ ಮುಳುಗಿ ಹೋಗದೆ ಇರುವುದನ್ನು ದಿನಕ್ಕೆ ಇಪ್ಪತ್ತು ಸಲ ಅನುಭವಿಸುವುದಕ್ಕೆ ಇಂಥ ಜಾಗ ಬೇರೆ ಕಡೆ ಸಿಗುವುದಿಲ್ಲ.

ಇನ್ನೊಂದು ಕಾರಣ ಮಲೆನಾಡಿನ ನೆಲದಲ್ಲೇ ಇದೆ. ಇಲ್ಲಿನ ಮನೆಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿಸಿ ಕೂತಿಲ್ಲ. ತೋಟಕ್ಕೊಂದು ಮನೆ, ನಡುವೆ ಸೊಪ್ಪಿನ ಬೆಟ್ಟ, ಬ್ಯಾಣ, ಗದ್ದೆ. ಪಕ್ಕದ ಮನೆ ಅಂದರೆ ಒಂದು ಕೂಗಳತೆಯೂ ಆಗಬಹುದು, ಒಂದು ಕಿಲೋಮೀಟರೂ ಆಗಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಕೆಲಸವಿಲ್ಲದೆ ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಮದುವೆ, ತಿಥಿ, ಸೊಸೈಟಿ ಮೀಟಿಂಗು ಬಿಟ್ಟರೆ ಜನ ಸೇರುವುದಕ್ಕೆ ನೆಪ ಬೇಕು. ಸಂಜೆ ಐದೂವರೆಯ ಆಟ ಅಂಥ ನೆಪ. ಅದಕ್ಕೆ ಕರೆಯೋಲೆ ಬೇಡ, ಮುಯ್ಯಿ ಬೇಡ.

ಮೈಯೊಳಗೆ ನಡೆಯುವುದು

ಓಡಿದರೆ ‘ಎಂಡಾರ್ಫಿನ್’ ಬಿಡುಗಡೆಯಾಗಿ ಖುಷಿಯಾಗುತ್ತದೆ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರಕ್ತದಲ್ಲಿ ಏರುವ ಎಂಡಾರ್ಫಿನ್ ದೊಡ್ಡ ಅಣು, ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ದಾಟುವುದು ಅದಕ್ಕೆ ಕಷ್ಟ. ಹಾಗಾಗಿ ಸಂಶೋಧಕರ ಗಮನ ಈಚೆಗೆ ಎಂಡೋಕ್ಯಾನಬಿನಾಯ್ಡ್ ಎಂಬ, ಮೈ ತಾನೇ ತಯಾರಿಸಿಕೊಳ್ಳುವ ಇನ್ನೊಂದು ಬಗೆಯ ರಾಸಾಯನಿಕಗಳ ಕಡೆ ಹೊರಳಿದೆ. ಇವು ಸುಲಭವಾಗಿ ಮಿದುಳು ಸೇರುತ್ತವೆ, ಮಧ್ಯಮ ಬಿರುಸಿನ ಓಟದ ನಂತರ ಏರುತ್ತವೆ. ಆಟ ಮುಗಿದ ಮೇಲೆ ಅಂಕಣದ ಅಂಚಿನಲ್ಲಿ ಕೂತಾಗ ಬರುವ ನಿರಾಳಕ್ಕೆ ಇವುಗಳ ಪಾಲು ಇರಬಹುದು. ಆದರೆ ಆ ನಿರಾಳ ಕೆಲವು ತಾಸಿನದು.

ತಿಂಗಳುಗಟ್ಟಲೆ ಉಳಿಯುವ ಬದಲಾವಣೆ ಬೇರೆ ದಾರಿಯಲ್ಲಿ ಬರುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 120 ಮಂದಿ ವಯಸ್ಸಾದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ತಲಾ 40 ನಿಮಿಷ ಬಿರುಸಾಗಿ ನಡೆಯಿತು, ಇನ್ನೊಂದು ಗುಂಪು ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿತು. ವರ್ಷದ ಕೊನೆಗೆ ನಡೆದವರ ಮಿದುಳಿನ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಇನ್ನೊಂದು ಗುಂಪಿನದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು. ನೆನಪಿನ ಜೊತೆಗೆ ಒತ್ತಡದ ಹಾರ್ಮೋನನ್ನು ಹದದಲ್ಲಿಡುವ ಕೆಲಸದಲ್ಲೂ ಪಾಲಿರುವ ಭಾಗ ಅದು. ದೀರ್ಘ ಖಿನ್ನತೆಯಲ್ಲಿ ಅದು ಚಿಕ್ಕದಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಖಿನ್ನತೆಯ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವುದು 1999ರ ಒಂದು ಪ್ರಯೋಗ. ತೀವ್ರ ಖಿನ್ನತೆ ಇದ್ದ, 50 ದಾಟಿದ 156 ಜನರಲ್ಲಿ ಕೆಲವರಿಗೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ದಿನ ವ್ಯಾಯಾಮ, ಕೆಲವರಿಗೆ ಎರಡೂ. 16 ವಾರ ಕಳೆದಾಗ ಮೂರೂ ಗುಂಪು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು, ಮೊದಲ ವಾರಗಳಲ್ಲಿ ಮಾತ್ರ ಮಾತ್ರೆಯವರು ಬೇಗ ಚೇತರಿಸಿಕೊಂಡರು. ಇದನ್ನು ಓದಿ ಮಾತ್ರೆ ಬಿಟ್ಟು ಷೂ ಕಟ್ಟಿಕೊಳ್ಳುವುದು ತಪ್ಪು ಲೆಕ್ಕ. ಅಲ್ಲಿ ವ್ಯಾಯಾಮ ಮಾಡಿಸಿದವರು ಹೇಳಿದ ಹೊತ್ತಿಗೆ ಕರೆದು, ನಿಗಾ ಇಟ್ಟು ಮಾಡಿಸಿದ್ದರು. ಹಾಸಿಗೆಯಿಂದ ಏಳಲಾಗದವನಿಗೆ ‘ಓಡು, ಸರಿಹೋಗ್ತೀಯ’ ಅನ್ನುವುದಕ್ಕೂ ಅದಕ್ಕೂ ಬಹಳ ದೂರ.

ಆತಂಕದ ವಿಷಯ ಸ್ವಲ್ಪ ಬೇರೆ, ಅದರ ಬಗ್ಗೆ ಹೇಳುವವರು ಕಡಿಮೆ. ಪ್ಯಾನಿಕ್ ಬರುವವರು ಮುಖ್ಯವಾಗಿ ಹೆದರುವುದು ತಮ್ಮ ಮೈಗೇ. ಎದೆ ಡವಡವ ಅಂದರೆ ಹಾರ್ಟ್ ಅಟ್ಯಾಕ್ ಅನ್ನಿಸುತ್ತದೆ, ಉಸಿರು ಏರಿದರೆ ಸಾಯುತ್ತೇನೆ ಅನ್ನಿಸುತ್ತದೆ, ಹೆದರಿಕೆಗೆ ಎದೆಬಡಿತ ಇನ್ನೂ ಏರುತ್ತದೆ. ಕಬಡ್ಡಿಯಲ್ಲಿ ಒಂದು ರೈಡ್ ಹೋಗಿ ಬಂದವನ ಎದೆಯೂ ಹಾಗೇ ಬಡಿಯುತ್ತದೆ, ಉಸಿರೂ ಹಾಗೇ ಏರುತ್ತದೆ. ಆದರೆ ಅದಕ್ಕೆ ಕಾರಣ ಅವನಿಗೆ ಗೊತ್ತು. ಎರಡು ನಿಮಿಷದಲ್ಲಿ ಇಳಿಯುತ್ತದೆ ಅನ್ನುವುದೂ ಗೊತ್ತು. ಅದೇ ಎದೆಬಡಿತಕ್ಕೆ ‘ಅಪಾಯ’ ಅನ್ನುವ ಅರ್ಥ ಹೋಗಿ ‘ಈಗಷ್ಟೇ ಓಡಿದೆ’ ಅನ್ನುವ ಅರ್ಥ ಕೂರುವುದಕ್ಕೆ ಕೆಲವು ವಾರ ಹಿಡಿಯುತ್ತದೆ. ಮನೋವೈದ್ಯರು ಕೋಣೆಯೊಳಗೆ ಬೇಕೆಂದೇ ಉಸಿರು ಏರಿಸಿ, ಮೆಟ್ಟಿಲು ಹತ್ತಿಸಿ ಮಾಡಿಸುವ ಚಿಕಿತ್ಸೆಯ ತಿರುಳೂ ಇದೇ. ಒಂದು ಎಚ್ಚರಿಕೆ: ಎದೆನೋವು ನಿಜವಾಗಿ ಹೃದಯದ್ದಲ್ಲ ಅಂತ ಮೊದಲು ಡಾಕ್ಟರ ಹತ್ತಿರ ಖಾತ್ರಿ ಮಾಡಿಕೊಂಡಿರಬೇಕು, ನಲವತ್ತು ದಾಟಿದವರಂತೂ ಖಂಡಿತ.

ಎಷ್ಟು ಆಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಧ್ಯಮ ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಮೂರು ಸಂಜೆ, ತಲಾ 50 ನಿಮಿಷದ ವಾಲಿಬಾಲ್ ಅಂದರೆ ಲೆಕ್ಕ ಮುಟ್ಟಿತು. ಸುಮಾರು 12 ಲಕ್ಷ ಅಮೆರಿಕನ್ನರ ಉತ್ತರಗಳನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ ವ್ಯಾಯಾಮ ಮಾಡುವವರಿಗೆ ತಿಂಗಳಲ್ಲಿ ‘ಮನಸ್ಸು ಸರಿಯಿಲ್ಲದ ದಿನಗಳು’ ಶೇ 43ರಷ್ಟು ಕಡಿಮೆ ಇದ್ದವು. ಎಲ್ಲ ಬಗೆಯ ವ್ಯಾಯಾಮಗಳಲ್ಲಿ ತಂಡದ ಆಟಕ್ಕೆ ಮೊದಲ ಸ್ಥಾನ. ವಾರಕ್ಕೆ ಮೂರರಿಂದ ಐದು ಸಲ, ಸುಮಾರು 45 ನಿಮಿಷ ಆಡುವವರ ಸ್ಥಿತಿ ಎಲ್ಲಕ್ಕಿಂತ ಮೇಲಿತ್ತು. ದಿನವೂ ಗಂಟೆಗಟ್ಟಲೆ ದಂಡಿಸುವವರ ಲಾಭ ಕುಗ್ಗಿತ್ತು. ಆದರೆ ಇಂಥ ಅಧ್ಯಯನದಲ್ಲಿ ಒಂದು ಗಂಟು ಬಿಡಿಸಲಾಗುವುದಿಲ್ಲ. ಆಡಿದ್ದಕ್ಕೆ ಮನಸ್ಸು ಚೆನ್ನಾಗಿತ್ತೋ, ಮನಸ್ಸು ಚೆನ್ನಾಗಿದ್ದವರೇ ಆಡಲು ಬಂದರೋ? ಬಹುಶಃ ಎರಡೂ ಇರುತ್ತವೆ.

ಆಟದ ನಿಯಮದಲ್ಲೇ ಅಡಗಿರುವ ನಂಟು

ಎಲ್ಲ ಆಟಗಳೂ ಜನರನ್ನು ಒಂದೇ ರೀತಿ ಬೆಸೆಯುವುದಿಲ್ಲ. ಅದು ಆಟಗಾರರ ಒಳ್ಳೆಯತನಕ್ಕಿಂತ ಹೆಚ್ಚಾಗಿ ಆಟದ ನಿಯಮದ ಮೇಲೆ ನಿಂತಿದೆ.

ವಾಲಿಬಾಲನ್ನೇ ತೆಗೆದುಕೊಳ್ಳಿ. ಒಂದು ಕಡೆ ಆರು ಜನ, ಮೂರು ಮುಟ್ಟಿನೊಳಗೆ ಚೆಂಡು ನೆಟ್ ದಾಟಬೇಕು, ಬ್ಲಾಕ್ ಬಿಟ್ಟರೆ ಒಬ್ಬನೇ ಸತತ ಎರಡು ಸಲ ಮುಟ್ಟುವಂತಿಲ್ಲ. ಅಂದರೆ ಎಷ್ಟೇ ದೊಡ್ಡ ಸ್ಮ್ಯಾಶರ್ ಆಗಿರಲಿ, ಲಿಫ್ಟ್ ಮಾಡಿಕೊಡುವವನಿಲ್ಲದೆ ಅವನ ಕೈ ಖಾಲಿ. ಸರ್ವಿಸ್ ಗೆದ್ದುಕೊಂಡಾಗಲೆಲ್ಲ ಎಲ್ಲರೂ ಒಂದೊಂದು ಜಾಗ ಸುತ್ತಬೇಕು. ತೋಟದ ಯಜಮಾನನೂ ಅದೇ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವವನೂ ಒಂದೇ ತಂಡದಲ್ಲಿದ್ದರೆ, ಯಜಮಾನ ಹಿಂದೆ ನಿಂತು ಚೆಂಡು ಎತ್ತಿ ಕೊಡುವ, ಇನ್ನೊಬ್ಬ ಮುಂದೆ ಬಂದು ಹೊಡೆಯುವ ಸರದಿ ಬಂದೇ ಬರುತ್ತದೆ. ಅದನ್ನು ಯಾರೂ ಯಾರಿಗೂ ಬಿಟ್ಟುಕೊಟ್ಟದ್ದಲ್ಲ, ಆಟವೇ ಹಾಗೆ. ಆಟ ಮುಗಿದ ಮೇಲೆ ಕೂಲಿ ಕೂಲಿಯೇ, ಯಜಮಾನಿಕೆ ಯಜಮಾನಿಕೆಯೇ, ಇದನ್ನು ಮರೆಮಾಚಬೇಕಿಲ್ಲ. ಆದರೂ ದಿನಾ ಒಂದು ಗಂಟೆ ‘ನಂದು’, ‘ಬಿಡು’, ‘ಲಿಫ್ಟ್ ಕೊಡು’ ಅಂತ ಏಕವಚನದಲ್ಲಿ ಕೂಗಿಕೊಂಡವರ ನಡುವೆ ಮಾತಿನ ದಾರಿಯೊಂದು ತೆರೆದಿರುತ್ತದೆ.

ಕಬಡ್ಡಿಯಲ್ಲಿ ಇದಕ್ಕಿಂತ ಸೊಗಸಾದದ್ದಿದೆ. ಔಟ್ ಆದವನು ಹೊರಗೆ ಕೂರುತ್ತಾನೆ. ತನ್ನ ತಂಡದವರು ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಮತ್ತೆ ಜೀವ ಬರುತ್ತದೆ, ಅದೂ ಔಟಾದ ಸರದಿಯಲ್ಲೇ. ನೀವು ಒಳಗೆ ಬರುವುದು ಇನ್ನೊಬ್ಬನ ಸಾಹಸದಿಂದ. ನಿಮ್ಮ ರೈಡ್ ಇನ್ನೊಬ್ಬನನ್ನು ಒಳಗೆ ತರುತ್ತದೆ. ಹೊರಗೆ ಕೂತವನು ಬೇರೆಯವರ ಗೆಲುವಿಗೆ ಮನಸಾರೆ ಕೂಗುವಂತೆ ಮಾಡುವ ನಿಯಮ ಇದು. ಖೋಖೋದಲ್ಲಿ ಎಂಟು ಜನ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನು ಮುಟ್ಟಿ ‘ಖೋ’ ಅಂದಾಗಲೇ ಏಳಬೇಕು. ನಿಧಾನಕ್ಕೆ ಓಡುವ ಹುಡುಗಿಗೂ ಅಲ್ಲಿ ಕೆಲಸ ಇದೆ, ಸರಿಯಾದ ಜಾಗದಲ್ಲಿ ಕೂತಿದ್ದರೆ ಎರಡೇ ಹೆಜ್ಜೆಯಲ್ಲಿ ಔಟ್ ಮಾಡಬಹುದು.

ಕ್ರಿಕೆಟ್ ಪ್ರಿಯರು ಕ್ಷಮಿಸಬೇಕು. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. ಜಿಲ್ಲೆಗೆ ಆ ಆಟದ ಮೇಲೆ ಹಕ್ಕು ಇದೆ. ಆದರೂ ಊರೂರಿನಲ್ಲಿ ನಡೆಯುವ ಆರು ಓವರಿನ ಟೆನಿಸ್ ಬಾಲ್ ಪಂದ್ಯದಲ್ಲಿ ಒಂಬತ್ತನೇ ನಂಬರಿನವನ ಪಾಡು ನೋಡಿ. ಬ್ಯಾಟಿಂಗ್ ಬರುವುದಿಲ್ಲ, ಬೌಲಿಂಗ್ ಕೊಡುವುದಿಲ್ಲ, ಬೌಂಡರಿಯಲ್ಲಿ ನಿಂತು ಒಂದು ಕ್ಯಾಚ್ ಬಿಟ್ಟರೆ ಇಡೀ ಊರಿಗೆ ಅವನೇ ಗುರಿ. ಹನ್ನೊಂದು ಜನರ ಆಟ ನಾಲ್ಕು ಜನರದ್ದಾಗುವುದು ಹೀಗೆ. ಇದಕ್ಕೆ ಸರಳ ಮದ್ದುಂಟು. ಅಭ್ಯಾಸದ ಆಟದಲ್ಲಿ ಪ್ರತಿಯೊಬ್ಬರಿಗೂ ಕಡ್ಡಾಯ ಒಂದು ಓವರ್ ಬೌಲಿಂಗ್, ಇಬ್ಬಿಬ್ಬರ ಜೋಡಿಗೆ ಎರಡು ಓವರ್ ಬ್ಯಾಟಿಂಗ್, ಔಟಾದರೆ ಜಾಗ ಬಿಡುವುದಿಲ್ಲ, ಲೆಕ್ಕದಲ್ಲಿ ಐದು ರನ್ ಕಳೆಯುವುದು. ಪಂದ್ಯಾವಳಿಗೆ ಬೇಕಾದರೆ ನಿಜವಾದ ನಿಯಮ ಇಟ್ಟುಕೊಳ್ಳಲಿ.

ಒಬ್ಬರೇ ಆಡುವ ಆಟಗಳ ಬಗ್ಗೆ 2022ರಲ್ಲಿ ಬಂದ ಒಂದು ಅಧ್ಯಯನ ಹಲವರನ್ನು ಬೆಚ್ಚಿಸಿತು. ಅಮೆರಿಕದ 9ರಿಂದ 13 ವರ್ಷದ ಸುಮಾರು 11,000 ಮಕ್ಕಳಲ್ಲಿ ತಂಡದ ಆಟ ಆಡುವವರಿಗೆ ಆತಂಕ, ಬೇಸರ ಕಡಿಮೆ ಇತ್ತು. ಬರೀ ಒಬ್ಬೊಬ್ಬರೇ ಆಡುವ ಆಟಗಳಲ್ಲಿದ್ದವರಿಗೆ ಯಾವ ಆಟವನ್ನೂ ಆಡದವರಿಗಿಂತ ಹೆಚ್ಚಿತ್ತು. ಹಾಗಂತ ಟೆನಿಸ್, ಕುಸ್ತಿ ಬಿಡಿಸಬೇಕು ಅಂತಲ್ಲ. ಒಂಟಿ ಆಟದಲ್ಲಿ ಸೋಲು ಪೂರ್ತಿ ಒಬ್ಬರ ಹೆಗಲಿಗೇ ಬೀಳುತ್ತದೆ, ಎಲ್ಲರೂ ನೋಡುತ್ತಿರುವುದು ಅವರನ್ನೇ. ಹಳೆಯ ಗರಡಿಮನೆಗಳು ಈ ಭಾರವನ್ನು ಹಂಚಿಕೊಳ್ಳುವ ಏರ್ಪಾಡಾಗಿದ್ದವು. ಅಖಾಡದಲ್ಲಿ ಒಬ್ಬನೇ ಆದರೂ ಮಟ್ಟಿಯ ಮಣ್ಣು ಹದ ಮಾಡುವುದು, ಜೋಡಿಗೆ ತಾಲೀಮು ಕೊಡುವುದು, ಸೋತು ಬಂದವನ ಮೈ ತಿಕ್ಕುವುದು ಎಲ್ಲ ಗುಂಪಿನ ಕೆಲಸ. ಮಗುವನ್ನು ಬ್ಯಾಡ್ಮಿಂಟನ್ ಕೋಚಿಂಗಿಗೆ ಬಿಟ್ಟು ಕಾರಿನಲ್ಲೇ ಕಾದು ಕರೆದುಕೊಂಡು ಬರುವ ಅಪ್ಪ ಅಮ್ಮ, ವಾರದಲ್ಲಿ ಒಂದು ದಿನವಾದರೂ ಗುಂಪಿನ ಆಟಕ್ಕೆ ಬಿಡುವುದು ಒಳ್ಳೆಯದು.

ಹೊರಗೆ ಉಳಿಯುವವರು

ಶಾಲೆಯ ಆಟದ ಲೆಕ್ಕ ಹೀಗಿದೆ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೋಗುವ ಕಬಡ್ಡಿ ತಂಡದಲ್ಲಿ ಬದಲಿ ಆಟಗಾರರೂ ಸೇರಿ 12 ಜನ. ಶಾಲೆಯಲ್ಲಿ 120 ಮಕ್ಕಳಿದ್ದರೆ ಉಳಿದ 108 ಮಂದಿ ಚಪ್ಪಾಳೆಗೆ. ವಲಯದಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ ಅಂತ ಜರಡಿ ಸಣ್ಣದಾಗುತ್ತ ಹೋಗುತ್ತದೆ. ಪಿ.ಟಿ. ಮೇಷ್ಟ್ರ ಗಮನ ಗೆಲ್ಲುವ 12ರ ಮೇಲೆ ಇರುವುದು ಸಹಜ, ಶಾಲೆಗೆ ಹೆಸರು ಬರುವುದು ಅಲ್ಲಿಂದಲೇ. ಆದರೆ ಮನಸ್ಸಿನ ಆರೋಗ್ಯದ ಲೆಕ್ಕದಲ್ಲಿ ಆಟ ಹೆಚ್ಚು ಬೇಕಾದವರು ಆ 108ರಲ್ಲೇ ಇದ್ದಾರೆ. ನಾಚಿಕೆಯವರು, ದಪ್ಪಗಿದ್ದಾರೆ ಅಂತ ಹಂಗಿಸಿಕೊಂಡವರು, ಹಾಸ್ಟೆಲಿಗೆ ಹೊಸದಾಗಿ ಬಂದವರು.

ತಂಡ ಮಾಡುವ ಹೊತ್ತೇ ಇವರಿಗೆ ದಿನದ ಅತಿ ಕೆಟ್ಟ ಹೊತ್ತು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸಿಕೊಂಡು ಹೋದರೆ ಕೊನೆಗೆ ಉಳಿಯುವವನು ಪ್ರತಿದಿನ ಒಬ್ಬನೇ. ಹಳ್ಳಿಯ ಮಕ್ಕಳಿಗೆ ಇದಕ್ಕೊಂದು ಉಪಾಯ ಹಿಂದಿನಿಂದಲೂ ಗೊತ್ತು. ಸಮಬಲದ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಪಕ್ಕಕ್ಕೆ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ, ಒಬ್ಬ ಹುಲಿ, ಒಬ್ಬ ಆನೆ. ‘ಹುಲಿ ಬೇಕೋ ಆನೆ ಬೇಕೋ?’ ಕ್ಯಾಪ್ಟನ್ ಕೇಳಿಕೊಂಡದ್ದು ಅವನ ಪಾಲು. ಎರಡೂ ತಂಡ ಸಮವಾಗುತ್ತವೆ, ಯಾರೂ ಕೊನೆಗೆ ಉಳಿಯುವುದಿಲ್ಲ, ಕಡಿಮೆ ಆಡುವವನಿಗೂ ತನ್ನಂಥ ಇನ್ನೊಬ್ಬ ಸಿಗುತ್ತಾನೆ. ಪಿ.ಟಿ. ಪೀರಿಯಡ್ಡಿನಲ್ಲಿ ಇದನ್ನು ಮತ್ತೆ ತಂದರೆ ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ. ಗಣಿತದವರು ಆ ಪೀರಿಯಡ್ಡನ್ನು ಕೇಳದಿದ್ದರೆ, ಅಷ್ಟೆ.

ಹುಡುಗಿಯರು ಆಟ ಬಿಡುವುದು ಹೆಚ್ಚಾಗಿ ಎಂಟು, ಒಂಬತ್ತನೇ ತರಗತಿಯಲ್ಲಿ. ‘ಆಸಕ್ತಿ ಹೋಯಿತು’ ಅನ್ನುವ ಕಾರಣವನ್ನು ಯಾರೂ ನಂಬಬೇಕಾಗಿಲ್ಲ. ಅಭ್ಯಾಸ ಮುಗಿಯುವುದು ಐದೂವರೆಗೆ, ಊರಿನ ಕಡೆಯ ಬಸ್ಸು ಐದೂಕಾಲಿಗೆ. ಬಟ್ಟೆ ಬದಲಿಸಲು ಕೋಣೆ ಇಲ್ಲ, ಮುಟ್ಟಿನ ದಿನಗಳಲ್ಲಿ ನೀರಿರುವ ಶೌಚಾಲಯ ಇಲ್ಲ, ಮೈದಾನದ ಅಂಚಿಗೆ ಬೈಕ್ ನಿಲ್ಲಿಸಿಕೊಂಡು ನೋಡುವವರು ಇದ್ದಾರೆ. ಅಭ್ಯಾಸವನ್ನು ಬೆಳಗಿನ ಪ್ರಾರ್ಥನೆಗೆ ಮೊದಲಿನ 40 ನಿಮಿಷಕ್ಕೆ ತಂದರೆ ಬಸ್ಸಿನ ತೊಡಕು ಬಹುಪಾಲು ಕರಗುತ್ತದೆ. ಟ್ರ್ಯಾಕ್ ಪ್ಯಾಂಟು, ಪೂರ್ತಿ ತೋಳಿನ ಟೀ ಶರ್ಟಿಗೆ ಅವಕಾಶ ಕೊಟ್ಟರೆ ಮನೆಯವರ ಅರ್ಧ ತಕರಾರು ಇಳಿಯುತ್ತದೆ. ಮದುವೆಯಾದ ಹೆಂಗಸರಿಗಂತೂ ವರ್ಷಕ್ಕೊಮ್ಮೆ ಸಂಘದ ವಾರ್ಷಿಕೋತ್ಸವದಲ್ಲಿ ಮ್ಯೂಸಿಕಲ್ ಚೇರು, ಹಗ್ಗಜಗ್ಗಾಟ, ಅಲ್ಲಿಗೆ ಮುಗಿಯಿತು. ಥ್ರೋಬಾಲ್ ಚೆಂಡೊಂದು ಸ್ವಸಹಾಯ ಸಂಘದ ಮೀಟಿಂಗಿಗೆ ಬಂದರೆ ಮೀಟಿಂಗಿನ ಮುಂಚಿನ ಅರ್ಧ ಗಂಟೆ ತಾನಾಗಿ ತುಂಬುತ್ತದೆ.

ಎಸೆಸೆಲ್ಸಿ ವರ್ಷ ಆಟ ಬಿಡಿಸುವುದು ಇನ್ನೊಂದು ರೂಢಿ. ಜೂನ್‌ನಲ್ಲಿ ಬ್ಯಾಟು ಅಟ್ಟಕ್ಕೆ ಹೋದರೆ ಏಪ್ರಿಲಿಗೆ ಇಳಿಯುವುದು. ಒತ್ತಡ ಅತಿ ಹೆಚ್ಚಿರುವ ವರ್ಷದಲ್ಲೇ ಒತ್ತಡ ಇಳಿಸುವ ದಾರಿಯನ್ನೂ, ಗೆಳೆಯರನ್ನೂ, ಒಳ್ಳೆಯ ನಿದ್ದೆಯನ್ನೂ ಒಟ್ಟಿಗೆ ಕಿತ್ತುಕೊಂಡಂತೆ. ಪಂದ್ಯಾವಳಿ ಬಿಡಿಸಿ, ದಿನದ 45 ನಿಮಿಷ ಬಿಡಿ.

ಆಟವೇ ನೋಯಿಸಿದಾಗ

ಮೊದಲನೆಯದು ಗಾಯ. ಕಾಲು ಉಳುಕಿದವನಿಗೆ ಪಾದದ ನೋವಿನ ಜೊತೆ ಇನ್ನೊಂದು ನಷ್ಟವಿದೆ, ಸಂಜೆಯ ಗುಂಪು ಒಮ್ಮೆಲೇ ಇಲ್ಲವಾಗುತ್ತದೆ. ಮಂಡಿಯ ಲಿಗಮೆಂಟ್ ಹರಿದರೆ ಆಪರೇಷನ್ ಆದ ಮೇಲೆ ಪಂದ್ಯಕ್ಕೆ ಮರಳಲು ಒಂಬತ್ತು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕು. ಗಾಯಗೊಂಡ ಆಟಗಾರರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು ಕಾಣುವುದು ಇದಕ್ಕೇ. ಎರಡನೇ ವಾರದಿಂದಲೇ ಅವನನ್ನು ಮೈದಾನಕ್ಕೆ ಕರೆಸಿ ಸ್ಕೋರ್ ಬರೆಸುವುದು, ಲೈನ್ ಅಂಪೈರ್ ಮಾಡುವುದು, ಕಿರಿಯರಿಗೆ ಸರ್ವಿಸ್ ಹೇಳಿಕೊಡಿಸುವುದು ಚಿಕಿತ್ಸೆಯ ಭಾಗವೇ. ಕಬಡ್ಡಿಯಲ್ಲಿ ತಲೆಗೆ ಏಟು ಬಿದ್ದು ಮಂಕು ಕವಿದರೆ, ವಾಂತಿ ಬಂದರೆ, ಪಾಯಿಂಟ್ ಎಷ್ಟು ಅಂತ ಕೇಳಿದ್ದಕ್ಕೆ ತಡವರಿಸಿದರೆ ಅವತ್ತು ಮತ್ತೆ ಅಂಕಣಕ್ಕೆ ಇಳಿಸಲೇಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಮುಂದಿನ ಕೆಲವು ವಾರ ಸಿಡುಕು, ನಿದ್ದೆಗೇಡು, ಓದಿನಲ್ಲಿ ಗಮನ ನಿಲ್ಲದಿರುವುದು ಆ ಏಟಿನದೇ ಆಗಿರಬಹುದು. ‘ಸೋಮಾರಿ ಆಗಿದ್ದಾನೆ’ ಅನ್ನುವ ಮೊದಲು ಇದನ್ನು ನೆನೆಯಿರಿ.

ಎರಡನೆಯದು ಅತಿ ತಾಲೀಮು. ಕ್ರೀಡಾ ಹಾಸ್ಟೆಲಿನ ಮಕ್ಕಳಲ್ಲಿ, ಪೊಲೀಸ್ ಅಥವಾ ಸೇನೆಯ ಆಯ್ಕೆಗೆ ಓಡುವ ಹುಡುಗರಲ್ಲಿ ಹೆಚ್ಚು. ಗುರುತು ಹಿಡಿಯುವುದು ಸುಲಭ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಒಂದು ನಿಮಿಷ ನಾಡಿ ಎಣಿಸಿ ಬರೆದಿಡಬೇಕು. ದಿನಾ 60ರ ಆಸುಪಾಸು ಇರುವುದು ನಾಲ್ಕೈದು ದಿನ ಬಿಡದೆ 70 ತೋರಿಸಿದರೆ, ದಣಿದಿದ್ದರೂ ನಿದ್ದೆ ಬಾರದಿದ್ದರೆ, ಸಣ್ಣದಕ್ಕೂ ರೇಗುತ್ತಿದ್ದರೆ, ಓಟದ ಸಮಯ ಹಿಂದಕ್ಕೆ ಹೋಗುತ್ತಿದ್ದರೆ ಬೇಕಾದದ್ದು ಇನ್ನಷ್ಟು ಓಟ ಅಲ್ಲ, ವಿಶ್ರಾಂತಿ. ವಾರಕ್ಕೆ ಒಂದು ದಿನ ಪೂರ್ತಿ ಬಿಡುವು ಕಡ್ಡಾಯ. ತೂಕದ ಮಿತಿಗೆ ಇಳಿಯಲು ಎರಡು ದಿನ ನೀರು ಬಿಟ್ಟು, ಜರ್ಕಿನ್ ಹಾಕಿಕೊಂಡು ಓಡುವ ಚಾಳಿ ಕಬಡ್ಡಿ, ಕುಸ್ತಿಯವರಲ್ಲಿದೆ. ಅದು ಮೈಯನ್ನೂ ಕೆಡಿಸುತ್ತದೆ, ಮನಸ್ಸನ್ನೂ. ಹುಡುಗಿಯರಲ್ಲಿ ಊಟ ಸಾಲದೆ ತಾಲೀಮು ಹೆಚ್ಚಾದರೆ ಮುಟ್ಟು ನಿಲ್ಲುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಮೂರನೆಯದು ಮಾತು. ತಪ್ಪಿಗೆ ಎಲ್ಲರ ಎದುರು ಬೈದರೆ ಆಟಗಾರ ಮುಂದಿನ ಸಲ ತಪ್ಪಾಗದಂತೆ ಆಡುತ್ತಾನೆ ಅನ್ನುವುದು ನಂಬಿಕೆ. ನಿಜದಲ್ಲಿ ಅವನು ಚೆಂಡು ತನ್ನ ಕಡೆ ಬಾರದಂತೆ ನಿಲ್ಲುವುದನ್ನು ಕಲಿಯುತ್ತಾನೆ. ‘ಏನ್ ಮಾಡ್ತಿದೀಯ ಕತ್ತೆ’ ಅನ್ನುವುದರಲ್ಲಿ ಹೇಳಿಕೊಟ್ಟದ್ದು ಏನೂ ಇಲ್ಲ. ‘ಮೊಣಕಾಲು ಬಗ್ಗಿಸು, ಕೈ ಜೋಡಿಸಿಟ್ಕೋ’ ಅನ್ನುವುದರಲ್ಲಿ ಎಲ್ಲವೂ ಇದೆ.

ಊರಿನ ಹೊನಲು ಬೆಳಕಿನ ಪಂದ್ಯಾವಳಿಗಳ ಬಗ್ಗೆಯೂ ಒಂದು ಮಾತು. ಊರು ಒಟ್ಟಾಗುವುದು ನಿಜ. ಆದರೆ ಒಂದೇ ಕೇರಿಯವರ, ಒಂದೇ ಜಾತಿಯವರ ತಂಡ ಕಟ್ಟಿಕೊಂಡು ಆಡಿದರೆ ಒಳಗಿನ ಗಂಟು ಬಿಗಿಯಾಗಿ, ಹೊರಗಿನವರ ಜೊತೆಗಿನ ಹಗೆ ಬೆಳೆಯುತ್ತದೆ. ಪ್ರತಿ ತಂಡದಲ್ಲೂ ಕನಿಷ್ಠ ಎರಡು ಕೇರಿಯವರು ಇರಬೇಕು ಅನ್ನುವ ಒಂದು ಸಾಲನ್ನು ನಿಯಮಾವಳಿಗೆ ಸೇರಿಸಿದರೆ ಆಗುವ ವ್ಯತ್ಯಾಸ ದೊಡ್ಡದು. ಬಹುಮಾನದ ದುಡ್ಡು ರಾತ್ರಿಯ ಎಣ್ಣೆ ಪಾರ್ಟಿಗೆ ಹೋಗುವುದಾದರೆ ಆಟದಿಂದ ಬಂದ ಲಾಭ ಬೆಳಗಾಗುವುದರೊಳಗೆ ಸೋರಿರುತ್ತದೆ. ಮದ್ಯ ನಿದ್ದೆಯನ್ನೂ ಮರುದಿನದ ಮನಸ್ಸನ್ನೂ ಕೆಡಿಸುತ್ತದೆ.

ಮಳೆನಾಡಿನಲ್ಲಿ ಗುಂಪು ಉಳಿಸಿಕೊಳ್ಳುವುದು

ಗುಂಪು ಕಟ್ಟುವುದು ಕಷ್ಟವಲ್ಲ, ಮಳೆಗಾಲ ದಾಟಿಸುವುದು ಕಷ್ಟ. ವಾಲಿಬಾಲ್ ಅಂಕಣಕ್ಕೆ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಕನಿಷ್ಠ ಮೂರು ಮೀಟರ್ ಖಾಲಿ ಜಾಗ ಬೇಕು. ನೆಟ್ಟಿನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಎಲ್ಲರೂ ಕೂಡಿ ಆಡುವಾಗ 2.24ಕ್ಕೇ ಕಟ್ಟಿ, ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿದ್ದಷ್ಟೂ ಆಟ ಚೆಂದ. ಅಂಕಣದ ನಡು ಒಂದಿಷ್ಟು ಎತ್ತರವಿದ್ದು ಎರಡೂ ಬದಿಗೆ ಇಳಿಜಾರಿದ್ದರೆ, ಅಂಚಿಗೆ ಒಂದಡಿ ಕಾಲುವೆ ತೆಗೆದಿದ್ದರೆ, ಮಳೆ ನಿಂತ ಮೇಲೆ ಕೆಂಪು ಜಂಬಿಟ್ಟಿಗೆ ನೆಲ ಬೇಗ ಆಡಲು ಬರುತ್ತದೆ. ಪಾಚಿ ಕಟ್ಟಿದ ಸಿಮೆಂಟ್ ಅಂಗಳದಲ್ಲಿ ಮಾತ್ರ ಆಡಬೇಡಿ, ಮಣಿಕಟ್ಟು ಮುರಿಯುವುದು ಅಲ್ಲೇ.

ಆರು ಜನರ ತಂಡ ಎರಡಕ್ಕೆ 12 ಜನ ಸಾಕು ಅಂದುಕೊಂಡರೆ ಗುಂಪು ತಿಂಗಳಲ್ಲಿ ಮುರಿಯುತ್ತದೆ. ಹಾಲು ಹಾಕುವವರು, ಕರೆಂಟು ಬಂದಾಗ ಪಂಪ್ ಹಾಕಲು ಓಡುವವರು, ನೆಂಟರ ಮನೆಗೆ ಹೋದವರು ಇದ್ದೇ ಇರುತ್ತಾರೆ. ಪಟ್ಟಿಯಲ್ಲಿ 16ರಿಂದ 18 ಹೆಸರು ಬೇಕು. ದಿನ, ಹೊತ್ತು ಬದಲಾಗಬಾರದು: ಸೋಮವಾರ, ಬುಧವಾರ, ಶುಕ್ರವಾರ, ಐದೂವರೆ. ‘ಎಲ್ಲರೂ ಸೇರಿದರೆ ಆಡೋಣ’ ಅನ್ನುವ ಗುಂಪು ಸಾಯುತ್ತದೆ, ‘ಇಬ್ಬರು ಬಂದರೂ ಚೆಂಡು ಹೊರಗೆ ಬರುತ್ತದೆ’ ಅನ್ನುವ ಗುಂಪು ಉಳಿಯುತ್ತದೆ. ಇದರ ಹಿಂದೆ ಮನಸ್ಸಿನ ಒಂದು ಗುಟ್ಟಿದೆ. ಬೇಸರ ಕವಿದವನು ‘ಮನಸ್ಸು ಬಂದ ಮೇಲೆ ಹೋಗ್ತೀನಿ’ ಅನ್ನುತ್ತಾನೆ, ಆದರೆ ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಹೊತ್ತು ಗೊತ್ತಾಗಿದ್ದರೆ ಪ್ರತಿಸಲ ಹೋಗಲೋ ಬೇಡವೋ ಅಂತ ತೀರ್ಮಾನಿಸುವ ಭಾರ ಅವನ ಮೇಲೆ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದಾಯ ಭವನವೋ ಖಾಲಿ ಕಲ್ಯಾಣ ಮಂಟಪವೋ ಸಿಕ್ಕರೆ ಷಟಲ್. ಅದರ ಅಂಕಣಕ್ಕೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ ಸಾಕು. ನಾಲ್ವರು ಆಡುವಾಗ ಉಳಿದವರು ಕಾಯಬೇಕಾದ್ದರಿಂದ 11 ಪಾಯಿಂಟಿಗೆ ಆಟ ಮುಗಿಸಿ ಜೋಡಿ ಬದಲಿಸಿ. ಕೇರಂ ಗುಂಪನ್ನು ಉಳಿಸುತ್ತದೆ, ಮೈಗೆ ಏನೂ ಕೊಡುವುದಿಲ್ಲ, ಆದರೂ ಭೋರ್ಗರೆಯುವ ಆಷಾಢದಲ್ಲಿ ಅಷ್ಟಾದರೂ ಇರಲಿ. ನಾಟಿಯ ಹೊತ್ತಿನ ಕೆಸರುಗದ್ದೆ ಆಟದಲ್ಲಿ ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರೂ ಜಾರಿ ಬೀಳುವುದರಿಂದ ಬಿದ್ದ ನಾಚಿಕೆ ಯಾರಿಗೂ ಉಳಿಯುವುದಿಲ್ಲ. ಕಾಲಿನಲ್ಲಿ ಗಾಯ ಇರುವವರು ಗದ್ದೆಗೆ ಇಳಿಯಬಾರದು, ಆಡಿ ಬಂದವರು ಸೋಪು ಹಾಕಿ ತೊಳೆಯಬೇಕು. ಇಲಿಜ್ವರದ ರೋಗಾಣು ಕೆಸರು ನೀರಿನಿಂದ ಗಾಯದ ಮೂಲಕ ಒಳಸೇರುತ್ತದೆ. ಇನ್ನು ಚಳಿಗಾಲ ಬಂತೆಂದು ಕಾಡಿನ ದಾರಿಯಲ್ಲಿ ಓಡುವವರು ಮಂಗನ ಕಾಯಿಲೆ ಮರೆಯಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯನ್ನು ಹರಡುವ ಉಣ್ಣೆಗಳು ಡಿಸೆಂಬರ್‌ನಿಂದ ಮೇ ನಡುವೆ ಹೆಚ್ಚು. ಆಗ ಡಾಂಬರು ರಸ್ತೆಯೇ ಲೇಸು.

ಗುಂಪು ಕಟ್ಟಿಕೊಂಡವರಿಗೆ ಇರುವ ಇನ್ನೊಂದು ಕೆಲಸ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಸುಲಭವಾಗಿ ತಪ್ಪಿಹೋಗುವಂಥದ್ದು. ತಪ್ಪದೆ ಬರುತ್ತಿದ್ದವನು ಸತತ ಮೂರು ಆಟಕ್ಕೆ ಬಾರದಿದ್ದರೆ ಯಾರಾದರೂ ಒಬ್ಬರು ವಿಚಾರಿಸಬೇಕು, ಅದೂ ಗುಂಪಿನ ವಾಟ್ಸಾಪಿನಲ್ಲಿ ಅಲ್ಲ. ‘ಯಾಕೋ ಕಾಣೆಯಾದೆ, ಸೋಂಬೇರಿ’ ಅಂತ ಅಲ್ಲಿ ಹಾಕಿದರೆ ಉತ್ತರವಾಗಿ ಒಂದು ನಗುವ ಗೊಂಬೆ ಬರುತ್ತದೆ, ಅವನು ಬರುವುದಿಲ್ಲ. ಮನೆ ಕಡೆ ಹೋಗಿ, ‘ಶುಕ್ರವಾರ ಹೋಗುವಾಗ ಈ ದಾರಿಯಲ್ಲೇ ಬರ್ತೀನಿ, ಆಡೋದು ಬೇಡ, ಸುಮ್ಮನೆ ಬಂದು ಕೂತ್ಕೋ’ ಅನ್ನುವುದು ಕೆಲಸ ಮಾಡುತ್ತದೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ಆಟಕ್ಕೆ ಕರೆಯುವುದಷ್ಟೇ ಸಾಲದು. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ತಂದಿಟ್ಟ ಕೀಟನಾಶಕ ಕೈಗೆ ಸಿಗದಂತೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮೊದಲ ಸಲ ಹೋಗುವಾಗ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಗುಂಪಿನಿಂದ ಒಬ್ಬರು ಇರಲಿ.